ಹೆಸರು ಹೇಳುವಷ್ಟು ಉಸಿರು

ನನ್ನ ಗಂಡನ ಹೆಸರನ್ನು ನಾನು ಈ ಬರಹದಲ್ಲಿ ಎಲ್ಲಿಯೂ ಬರೆಯುವುದಿಲ್ಲ. ಓದುವವರು ಹುಡುಕಿ ದಣಿಯಬಾರದೆಂದು ಮೊದಲೇ ಹೇಳಿಬಿಡುತ್ತೇನೆ. ಧಾರವಾಡದಲ್ಲಿ ನಾನು ಬೆಳೆದ ಓಣಿಯಲ್ಲಿ ಗಂಡನ ಹೆಸರನ್ನು ಬರಿದೇ ಹೇಳುವ ಹೆಂಗಸು ಇರಲಿಲ್ಲ. ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ಉಳಿದ ಹೆಂಗಸರು ಬಾಗಿಲಿಗೆ ಅಡ್ಡ ನಿಂತು "ಹೆಸರ ಹೇಳು, ಆಮ್ಯಾಲ ಒಳಗ ಬಾ" ಎಂದು ಹಟ ಹಿಡಿದಾಗ, ಒಡಪು ಹಾಕಿ, ಅಂದರೆ ಪ್ರಾಸದ ನಾಲ್ಕಾರು ಸಾಲು ಹೇಳಿ, ಕಟ್ಟಕಡೆಗೆ ಆ ಹೆಸರನ್ನು ಸೇರಿಸಿ ನಾಚಿಕೊಂಡು ಒಳಗೆ ಓಡಬೇಕು. ಉಳಿದಂತೆ ವರ್ಷವಿಡೀ ಅವರು "ಇವರು", "ನಮ್ಮನಿಯವರು", ಸಿಟ್ಟು ಬಂದಾಗ ಬರೇ "ಏನ್ರೀ". ಪುಣೆಗೆ ಬಂದು, ಶಾಲೆಯಲ್ಲಿ ಗಣಿತ ಕಲಿಸಿ, ಸ್ಕೂಟರ್ ಹೊಡೆದು, ಮರಾಠಿಯಲ್ಲಿ ಜಗಳ ಮಾಡಲು ಕಲಿತು ನಾನು ಬಹಳ ಸುಧಾರಿಸಿದ್ದೇನೆಂದು ತಿಳಿದಿದ್ದೆ. ಇದೊಂದರಲ್ಲಿ ಸುಧಾರಿಸಿರಲಿಲ್ಲ. ಅದರಿಂದ ಆದ ಫಜೀತಿಯ ಕತೆ ಇದು.

ಪುಣೆಯ ಜನರೆಲ್ಲ ಮೂಗು ಬಾಯಿ ಮುಚ್ಚಿಕೊಂಡು ತಿರುಗಿದ ವರ್ಷ ಅದು. ಈ ಊರಿನ ಹುಡುಗಿಯರು ಮೊದಲಿನಿಂದಲೂ ಸ್ಕೂಟರ್ ಮೇಲೆ ಮುಖಕ್ಕೆ ಓಢಣಿ ಸುತ್ತಿಕೊಂಡು ದರೋಡೆಗೆ ಹೊರಟವರ ಹಾಗೆ ಹೋಗುತ್ತಿದ್ದರು. ಆ ವರ್ಷ ಅಜ್ಜಂದಿರೂ ಆ ತಂಡಕ್ಕೆ ಸೇರಿದರು. ಹಂದಿ ಜ್ವರ ಬಂದಿತ್ತು. ಹುಟ್ಟಿದಾಗಿನಿಂದ ಉಳ್ಳಾಗಡ್ಡಿಯನ್ನು ಕೂಡ ವಿಚಾರ ಮಾಡಿ ತಿಂದ ನನಗೇ ಅದು ಬರಬೇಕೆ? ಎರಡು ದಿನ ಮೈಕೈ ನೋವು, ಮೂರನೆಯ ದಿನ ಉಸಿರಿಗೆ ಪರದಾಟ, ಆಮೇಲೆ ಆಸ್ಪತ್ರೆ. ಗಂಟಲಿಗೆ ಕೊಳವೆ ಹಾಕಿ ಯಂತ್ರ ನನ್ನ ಪರವಾಗಿ ಉಸಿರಾಡಿದ ದಿನಗಳ ಬಗ್ಗೆ ನನಗೇನೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಬರೆಯುವ ಚಟ ನನಗಿಲ್ಲ.

ಕೊಳವೆ ತೆಗೆದು ಮುಖಕ್ಕೆ ಆಮ್ಲಜನಕದ ಮಾಸ್ಕ್ ಹಾಕಿದ ಮೇಲೆ ಒಬ್ಬ ತರುಣ ಡಾಕ್ಟರು ಬಂದರು. ಉತ್ತರದ ಕಡೆಯವರು, ಮಾತೆಲ್ಲ ಹಿಂದಿಯಲ್ಲಿ. ಬಹಳ ದಿನ ಉಸಿರಿಲ್ಲದೆ ಬಳಲಿದವರ ತಲೆ ಸರಿಯಿದೆಯೇ ಎಂದು ನೋಡಲು ಕೆಲವು ಪ್ರಶ್ನೆ ಕೇಳುವ ಪದ್ಧತಿಯಂತೆ. ಎಲ್ಲಿದ್ದೀರಿ ಎಂದರು. ಪುಣೆ ಎಂದೆ. ನೂರರಲ್ಲಿ ಏಳು ಕಳೆಯಿರಿ, ಮತ್ತೆ ಏಳು ಕಳೆಯಿರಿ ಎಂದರು. ಗಣಿತದ ಮಾಸ್ತರಣಿಗೆ ಅದೇನು ದೊಡ್ಡದು! ಒಂದೊಂದು ಅಂಕಿಗೆ ಒಂದೊಂದು ಉಸಿರು ಎಳೆದುಕೊಂಡು ಕಳೆಯುತ್ತಾ ಹೋದೆ, ಅವರೇ ಸಾಕೆಂದು ಕೈ ಮುಗಿದರು. ಕೊನೆಗೆ, ತೀರ ಸುಲಭದ ಪ್ರಶ್ನೆ ಎಂಬಂತೆ ನಗುತ್ತಾ ಕೇಳಿದರು: "ಪತಿ ಕಾ ನಾಮ್?"

ನಾನು ಗೋಡೆ ನೋಡಿದೆ. ಅವರು ಮತ್ತೆ ಕೇಳಿದರು. ಬರೀ ಹೆಸರು ಬಾಯಿಂದ ಬರುವಂತಿಲ್ಲ, ಒಡಪು ಹಾಕೋಣವೆಂದರೆ ಒಂದು ಶಬ್ದಕ್ಕೊಂದು ಉಸಿರು ಬೇಕು. ತಲೆ ಅಲ್ಲಾಡಿಸಿದೆ. "ಯಾದ್ ನಹೀ ಆ ರಹಾ?" ಎಂದರು, ನೆನಪಾಗುತ್ತಿಲ್ಲವೇ ಎಂದು. ಈ ಹುಡುಗನಿಗೆ ನಮ್ಮ ಓಣಿಯ ಸಂಪ್ರದಾಯವನ್ನು ಹಿಂದಿಯಲ್ಲಿ ಹೇಳುವಷ್ಟು ಗಾಳಿ ನನ್ನಲ್ಲಿ ಎಲ್ಲಿತ್ತು? ಕಣ್ಣು ಮುಚ್ಚಿಕೊಂಡೆ. ಅವರು ನನ್ನ ಕೈ ತಟ್ಟಿ ಹೊರಗೆ ಹೋದರು.

ಹೊರಗೆ ಹೋಗಿ ನಮ್ಮವರಿಗೆ ಅವರು ಹೇಳಿದ್ದೇನೆಂಬುದು ನನಗೆ ತಿಳಿದದ್ದು ಬಹಳ ದಿನಗಳ ಮೇಲೆ. ಲೆಕ್ಕ ಎಲ್ಲ ಸರಿ ಇದೆ, ಆದರೆ ನಿಮ್ಮ ಹೆಸರು ಅಳಿಸಿಹೋಗಿದೆ, ಮಿದುಳಿಗೆ ಆಮ್ಲಜನಕ ಕಡಿಮೆಯಾದಾಗ ಹೀಗಾಗುವುದುಂಟು, ತಾಳ್ಮೆಯಿರಲಿ ಎಂದಿದ್ದರಂತೆ. ನಮ್ಮವರಿಗೆ ಆ ಕ್ಷಣಕ್ಕೆ ಒಡಪಿನ ನೆನಪಾಗಿತ್ತಂತೆ. ಆದರೆ ಸಾವಿನ ಬಾಯಿಂದ ಬಂದವಳು ಆ ಹೊತ್ತಿನಲ್ಲೂ ಸಂಪ್ರದಾಯ ನೋಡುತ್ತಾಳೆಯೇ ಎಂದು ಅವರೇ ತಮಗೆ ತಿಳಿಹೇಳಿಕೊಂಡರಂತೆ. ಮೂವತ್ತು ವರ್ಷ ಸಂಸಾರ ಮಾಡಿದವರು ನನ್ನನ್ನು ಅಷ್ಟು ಸುಧಾರಿಸಿದವಳೆಂದು ಯಾಕೆ ತಿಳಿದರೋ. ಸಂಜೆ ಒಳಗೆ ಬಂದು, ಮಾಸ್ಕಿನ ಮೇಲಿನಿಂದ ಬಾಗಿ, "ನಾ ಯಾರು, ಹೇಳು ನೋಡೋಣ" ಎಂದರು. ಇದೇನು ಚೇಷ್ಟೆ ಎಂದು ನನಗೆ ಸಿಟ್ಟು ಬಂತು, ಮುಖ ಆ ಕಡೆ ತಿರುಗಿಸಿದೆ. ಅಲ್ಲಿಗೆ ಅವರ ಸಂಶಯ ಗಟ್ಟಿಯಾಯಿತು.

ಅವರು ಕುರಕುಂಭದ ಒಂದು ಕಾರ್ಖಾನೆಯಲ್ಲಿ ಕೆಮಿಸ್ಟ್ ಆಗಿದ್ದವರು. ಬೆಳಗಾಗುವ ಮೊದಲೇ ಕಂಪನಿಯ ಬಸ್ಸು ಹತ್ತಿ, ದಿನವಿಡೀ ಏನೇನೋ ದ್ರವಗಳನ್ನು ಪರೀಕ್ಷೆ ಮಾಡಿ, ರಾತ್ರಿ ಗಂಧಕದ ವಾಸನೆಯೊಂದಿಗೆ ಮನೆಗೆ ಬರುತ್ತಿದ್ದ ಮನುಷ್ಯ. ಪರೀಕ್ಷೆ ಮಾಡದೆ ತರಕಾರಿಯವನ ಮಾತನ್ನೂ ನಂಬಿದವರಲ್ಲ. ಮನೆಗೆ ಬಂದ ಮೇಲೆ ನನ್ನನ್ನೇ ಪರೀಕ್ಷೆಗೆ ಇಟ್ಟರು. ಪೇಪರ್ ಓದುವವರ ಹಾಗೆ ಕೂತು ನಡುವೆ ಒಂದು ಪ್ರಶ್ನೆ ಎಸೆಯುವುದು. "ಅಲ್ಲ, ನಮ್ಮ ಮದುವಿಗೆ ಸಿಹಿ ಏನು ಮಾಡಿದ್ರು?"

"ಬುಂದಿಲಾಡು. ನಿಮ್ಮಣ್ಣ ಒಬ್ಬರೇ ಒಂದು ಬುಟ್ಟಿ ತಿಂದಿದ್ರು."

ಉತ್ತರ ಸರಿಯಿದ್ದರೂ ಅವರ ಮುಖ ಅರಳುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನ್ನ ತಲೆಯೂ ಆಗ ಪೂರಾ ನೆಟ್ಟಗಿರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದೆ, ಕಪಾಟಿನ ಕೀಲಿಯನ್ನು ಅಕ್ಕಿಯ ಡಬ್ಬಿಯಲ್ಲಿ ಇಟ್ಟು ಮನೆಯೆಲ್ಲ ಹುಡುಕುತ್ತಿದ್ದೆ. ಅವರು ಏನೂ ಅನ್ನುತ್ತಿರಲಿಲ್ಲ. ನನಗೆ ದಿಗಿಲಾದದ್ದು ಅದಕ್ಕೇ. ಮೂವತ್ತು ವರ್ಷ ದಿನಾ ಬೆಳಿಗ್ಗೆ ಚಹಾಕ್ಕೆ ಹೆಸರಿಟ್ಟವರು, ಕುದ್ದದ್ದು ಹೆಚ್ಚಾಯಿತು, ಶುಂಠಿ ಕಡಿಮೆಯಾಯಿತು, ಬಟ್ಟಲು ಸಣ್ಣದಾಯಿತು ಎಂದು ಗೊಣಗಿದವರು, ಈಗ ಎರಡೂ ಕೈಯಲ್ಲಿ ಕಪ್ಪು ಹಿಡಿದು, ಪೂರಾ ಕುಡಿದು, "ಭಾಳ ಛಲೋ ಆಗೇದ" ಎನ್ನುತ್ತಿದ್ದರು. ನನಗೆ ಡಾಕ್ಟರು ಕಷಾಯವೇ ಸಾಕೆಂದದ್ದರಿಂದ ಆ ಚಹಾದ ರುಚಿ ನಾನು ನೋಡಿರಲಿಲ್ಲ. ಮನೆಯಲ್ಲಿ ಜಗಳವೇ ಇಲ್ಲ. ಯಾರದೋ ಮನೆಗೆ ಅತಿಥಿಯಾಗಿ ಬಂದ ಹಾಗೆ ಅನಿಸತೊಡಗಿತ್ತು.

ಶ್ವಾಸಕೋಶಕ್ಕೆ ವ್ಯಾಯಾಮ ಕಲಿಯಲು ಅದೇ ಆಸ್ಪತ್ರೆಯ ಹಿಂಭಾಗದ ಒಂದು ಉದ್ದನೆಯ ಕೋಣೆಗೆ ವಾರದಲ್ಲಿ ಕೆಲವು ದಿನ ಹೋಗಬೇಕಾಗಿತ್ತು. ಕಲಿಸುವವಳು ಒಬ್ಬ ಮರಾಠಿ ಹುಡುಗಿ. ಊದಿದರೆ ಹಾರಿಹೋಗುವಷ್ಟು ತೆಳ್ಳಗೆ, ಆದರೆ ಗದರುವುದರಲ್ಲಿ ನನಗಿಂತ ಒಂದು ಕೈ ಮೇಲೆ. ನನ್ನನ್ನು ಚಿಕ್ಕಮ್ಮನಂತೆ "ಕಾಕೂ" ಎಂದೂ ನಮ್ಮವರನ್ನು "ಕಾಕಾ" ಎಂದೂ ಕರೆಯುತ್ತಿದ್ದಳು. ಮೊದಲ ದಿನ ಕೈಗೊಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟಳು. ಒಳಗೆ ಮೂರು ಬಣ್ಣದ ಗುಂಡು, ಪಕ್ಕದಲ್ಲಿ ಒಂದು ಕೊಳವೆ. ನಾನು ಕೊಳವೆ ಬಾಯಿಗಿಟ್ಟು ಇದ್ದಬದ್ದ ಶಕ್ತಿಯಿಂದ ಊದಿದೆ. ಗುಂಡು ಅಲ್ಲಾಡಲಿಲ್ಲ.

"ಕಾಕೂ, ಊದೂದಲ್ಲ, ಒಳಗೆ ಎಳೀಬೇಕು."

ಎಳೆದೆ. ಒಂದು ಗುಂಡು ಮನಸ್ಸಿಲ್ಲದ ಮನಸ್ಸಿನಿಂದ ಎದ್ದು, ಅರ್ಧಕ್ಕೆ ಬಂದು, ಕೂತುಬಿಟ್ಟಿತು. ಉಳಿದೆರಡು ನನ್ನನ್ನು ಲೆಕ್ಕಕ್ಕೇ ಇಡಲಿಲ್ಲ. ಮುಂದಿನ ಪಾಠ, ಮೂಗಿನಿಂದ ಹೂ ಮೂಸಿ, ತುಟಿ ಮುಂದೆ ಮಾಡಿ ದೀಪ ಆರಿಸಿ ಎಂಬುದು. ದೀಪವನ್ನು ಬಾಯಿಂದ ಆರಿಸಬಾರದು, ಅದು ಅಪಶಕುನ ಎಂದೆ. ಹುಡುಗಿ ಸೊಂಟದ ಮೇಲೆ ಕೈಯಿಟ್ಟು, ಹಾಗಾದರೆ ಹುಟ್ಟುಹಬ್ಬದ ಮೇಣಬತ್ತಿ ಅಂದುಕೊಳ್ಳಿ, ಉಸಿರಾಡುವುದಕ್ಕೂ ಪಂಚಾಂಗ ನೋಡಬೇಡಿ ಎಂದಳು. ನನಗೆ ಅವಳು ಅಂದಿನಿಂದಲೇ ಸೇರಿದಳು.

ನಮ್ಮ ಪಾಳಿಯಲ್ಲಿ ಇನ್ನಿಬ್ಬರಿದ್ದರು. ಒಬ್ಬರು ಸಾಸವಡದಲ್ಲಿ ಸೀತಾಫಲದ ತೋಟವಿದ್ದ ಅಜೋಬಾ, ಅಂದರೆ ಅಜ್ಜ. ಯಾತ್ರೆಯ ಪಾಲಕಿಯ ಜೊತೆ ಘಾಟಿ ಹತ್ತಿದ ತಮ್ಮ ಕಾಲುಗಳಿಗೆ ಈ ವೆರಾಂಡಾದಲ್ಲಿ ನಡೆಯುವ ಶಿಕ್ಷೆ ಯಾಕೆಂದು ದಿನಾ ಕೇಳುವರು, ನಾಲ್ಕು ಹೆಜ್ಜೆಗೆ ಗೋಡೆ ಹಿಡಿಯುವರು. ಇನ್ನೊಬ್ಬಳು ಕೊಂಢವಾದಲ್ಲಿ ಕಟ್ಟಡದ ಕೆಲಸ ಮಾಡುವ ಯಾದಗಿರಿ ಕಡೆಯ ಹೆಂಗಸು. ಅವಳು ಬಂದ ದಿನ ಕನ್ನಡದಲ್ಲಿ ಕೆಮ್ಮಿದಳು ಎಂದರೆ ನೀವು ನಗಬಹುದು. ಕೆಮ್ಮಿದ ಮೇಲೆ "ಯವ್ವಾ" ಎಂದಳು, ಅಷ್ಟು ಸಾಕಾಯಿತು, ನನ್ನ ಕುರ್ಚಿ ಅವಳ ಪಕ್ಕಕ್ಕೆ ಹೋಯಿತು.

ಒಂದು ದಿನ ಹುಡುಗಿ ನನ್ನ ಬೆರಳಿಗೆ ಆಮ್ಲಜನಕ ನೋಡುವ ಚಿಮಟಿಗೆ ಸಿಕ್ಕಿಸುತ್ತಾ, ನಿನ್ನೆ ಕಾಕಾ ನನ್ನನ್ನು ಪಕ್ಕಕ್ಕೆ ಕರೆದು ಒಂದು ಮಾತು ಕೇಳಿದರು ಎಂದಳು. ಈ ವ್ಯಾಯಾಮದಿಂದ ಪುಪ್ಪುಸ ಸುಧಾರಿಸಿದ ಹಾಗೆ ನೆನಪೂ ಸುಧಾರಿಸುತ್ತದೆಯೇ, ಹೋದ ಹೆಸರು ತಿರುಗಿ ಬರುತ್ತದೆಯೇ ಎಂದು ಕೇಳಿದರಂತೆ. ಯಾವ ಹೆಸರು ಎಂದಾಗ, ನನ್ನದು ಎಂದು ನೆಲ ನೋಡಿದರಂತೆ. ಆಗಲೇ ಡಾಕ್ಟರು ಹೇಳಿದ್ದೆಲ್ಲ ಹೊರಬಿತ್ತು.

ನನಗೆ ಮೊದಲು ನಗು ಬಂತು. ನಕ್ಕು ಕೆಮ್ಮು ಹತ್ತಿತು. ಕೆಮ್ಮು ನಿಂತ ಮೇಲೆ ಒಂದೊಂದೇ ಲೆಕ್ಕ ಹಾಕತೊಡಗಿದೆ. ಆ ಮನುಷ್ಯ ಮನೆಗೆ ಬಂದ ಮೇಲೆ ಇಷ್ಟು ದಿನ ಬುಂದಿಲಾಡು ಕೇಳಿದರು, ನಮ್ಮ ಓಣಿಯ ಬಾವಿ ಕೇಳಿದರು, ತಮ್ಮ ಹೆಸರನ್ನು ಮಾತ್ರ ಕೇಳಲಿಲ್ಲ. ಕೇಳಿದರೆ ಗೊತ್ತಿಲ್ಲವೆನ್ನುವ ಉತ್ತರ ಬಂದುಬಿಡುತ್ತದಲ್ಲ ಎಂಬ ಹೆದರಿಕೆ. ಅತಿಥಿಯ ಹಾಗೆ ನನ್ನನ್ನು ನೋಡಿಕೊಂಡದ್ದು ನನಗೆ ಅವರು ಅಪರಿಚಿತರಿರಬಹುದೆಂದು.

"ಅಷ್ಟೇ ತಾನೆ? ಮನೆಗೆ ಹೋಗಿ ಹೆಸರು ಹೇಳಿಬಿಡಿ," ಎಂದಳು ಹುಡುಗಿ.

"ಬರೀ ಹೆಸರೇ?" ಎಂದೆ ನಾನು ಮರಾಠಿಯಲ್ಲಿ.

ಯಾದಗಿರಿಯವಳಿಗೆ ಅಷ್ಟು ಮರಾಠಿ ತಿಳಿಯುತ್ತಿತ್ತು. "ಅಯ್ಯ, ಬರೇ ಹೆಸರು ಹ್ಯಾಂಗ ಹೇಳ್ತಾರ್ರೀ ಅಕ್ಕಾರ? ಒಡಪ ಹಾಕ್ರಿ," ಎಂದು ತಾನೇ ತೋರಿಸಿಕೊಟ್ಟಳು. "ಸಿಮಿಟಿನ ಚೀಲಕ್ಕ ಸುತಳಿಯ ಗಂಟು" ಎಂದು ಶುರುಮಾಡಿ, ಗಂಡನ ಹೆಸರು ಸೇರಿಸಿ, "ಅವರಿಗೂ ನನಗೂ ಏಳು ಜನ್ಮದ ನಂಟು" ಎಂದು ಮುಗಿಸಿ, ಸೆರಗು ಬಾಯಿಗಿಟ್ಟು ನಕ್ಕಳು. ಹುಡುಗಿ ಚಪ್ಪಾಳೆ ತಟ್ಟಿದಳು. "ಉಖಾಣಾ! ನಮ್ಮಲ್ಲೂ ಹೀಗೇ!" ಮರಾಠಿಯವರಿಗೂ ಈ ಪದ್ಧತಿ ಇದೆ, ಹೆಸರು ಬೇರೆ. ಕೂಡಲೇ ಅವಳು ತೀರ್ಮಾನ ಕೊಟ್ಟಳು: ಇನ್ನು ಮೇಲೆ ಕಾಕೂ ಅವರ ವ್ಯಾಯಾಮ ಇದೇ, ಒಂದೇ ಉಸಿರಿನಲ್ಲಿ ಒಡಪು.

ತೊಂದರೆ ಏನೆಂದರೆ, ನನ್ನ ಒಡಪು ಸುತಳಿಯ ಗಂಟಿನಷ್ಟು ಸಣ್ಣದಲ್ಲ. ನನ್ನ ಮದುವೆಗೆಂದು ಸೋದರತ್ತೆ ಕಟ್ಟಿಕೊಟ್ಟದ್ದು. ಅವಳಿಗೆ ಯಾವುದನ್ನೂ ಚಿಕ್ಕದಾಗಿ ಮಾಡಿ ಗೊತ್ತಿರಲಿಲ್ಲ.

ಹಿತ್ತಲ ಬಾವಿಗೆ ಹಿತ್ತಾಳಿ ಕೊಡ, ಕೊಡದ ಮ್ಯಾಲ ಗಿಣಿ,
ಗಿಣಿಯ ಮೂಗಿಗೆ ಕೆಂಪಿನ ಬಣ್ಣ, ನನ್ನ ಮೂಗಿಗೆ ಮಣಿ,
ಮಣಿ ಕೊಟ್ಟವರ ಮನಿಯ ಮುಂದ ಮಲ್ಲಿಗಿ ಬಳ್ಳಿ ಚಪ್ಪರ,
ಚಪ್ಪರದಾಗ ಕುಂತ ಬೀಗರಿಗೆ ಬಿಸಿ ಬಿಸಿ ಹಾಲು ಸಕ್ಕರ,
ಹಾಲು ಕುಡಿದು ಕೇಳತಾರ ಎಲ್ಲಾರು, ಹೇಳತೇನಿ ನಾನು ಜೋರು,
ಬಾಗಿಲದಾಗ ನಿಂತು ಕರದರ ಹೊಳ್ಳಿ ನೋಡವರು ಯಾರು?

ಇದಾದ ಮೇಲೆ ಹೆಸರು. ನಡುವೆ ಉಸಿರು ತೆಗೆದುಕೊಂಡರೆ ನಮ್ಮ ಓಣಿಯಲ್ಲಿ ಒಪ್ಪುತ್ತಿರಲಿಲ್ಲ, ಮೊದಲಿನಿಂದ ಹೇಳಿಸುತ್ತಿದ್ದರು. ಬೇರೆ ಸಣ್ಣ ಒಡಪು ಹಾಕಬಹುದಿತ್ತು ಎಂದು ನೀವು ಹೇಳಬಹುದು, ಹುಡುಗಿಯೂ ಹೇಳಿದಳು. ಆದರೆ ಹೊಸ ಒಡಪು ಯಾರು ಬೇಕಾದರೂ ಕಲಿತು ಹೇಳಬಹುದು. ಮದುವೆಯ ದಿನ ಅವರು ಬಾಗಿಲಲ್ಲಿ ನನ್ನ ಪಕ್ಕದಲ್ಲೇ ನಿಂತು ಕೇಳಿದ್ದು ಇದನ್ನು. ಪರೀಕ್ಷೆ ಮಾಡುವ ಮನುಷ್ಯನಿಗೆ ಪುರಾವೆ ಎಂದರೆ ಇದೇ.

ಮೊದಲ ದಿನ ಗಿಣಿಗೇ ಉಸಿರು ಮುಗಿಯಿತು. ಆಮೇಲೆ ಆ ಕೋಣೆಯಲ್ಲಿ ಗುಂಡು, ಚಿಮಟಿಗೆಗಳ ಮರ್ಯಾದೆ ಹೋಗಿ ನನ್ನ ಪ್ರಗತಿಯನ್ನು ಒಡಪಿನಲ್ಲೇ ಅಳೆಯತೊಡಗಿದರು. "ಇವತ್ತು ಕಾಕೂ ಮಣಿಗೆ ಮುಟ್ಟಿದರು" ಎಂದು ಹುಡುಗಿ ದೊಡ್ಡ ಡಾಕ್ಟರಿಗೆ ವರದಿ ಕೊಟ್ಟಳು. ಅವರು ಯಾವ ಮಣಿ ಎಂದು ಕೇಳದೆ ತಲೆಯಾಡಿಸಿದರು, ದೊಡ್ಡ ಡಾಕ್ಟರುಗಳು ಹಾಗೆಯೇ. ಅಜೋಬಾಗೆ ಕನ್ನಡ ಒಂದಕ್ಷರ ಬಾರದಿದ್ದರೂ ನಾನು ಎಲ್ಲಿ ಎಡವುತ್ತೇನೆಂಬುದು ಬಾಯಿಪಾಠವಾಗಿತ್ತು. "ಗಿಣಿ ಹತ್ತಿರ ಓಡಬೇಡ, ಹಳೂ ಹಳೂ, ಮುಂದೆ ಘಾಟಿ ಇದೆ" ಎಂದು ಕೂತಲ್ಲಿಂದಲೇ ಕೂಗುವರು. ಮನೆಯಲ್ಲಿ ನಾನು ಬಚ್ಚಲಿನ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು ಅಭ್ಯಾಸ ಮಾಡುತ್ತಿದ್ದೆ. ಚಪ್ಪರ ದಾಟಿದೆ, ಸಕ್ಕರೆ ದಾಟಿದೆ. ಒಂದು ದಿನ ಕೋಣೆಯಲ್ಲಿ ಕೊನೆಯ ಸಾಲಿಗೆ ಮುಟ್ಟಿ, ಹೆಸರನ್ನು ಮನಸ್ಸಿನಲ್ಲಿ ಮಾತ್ರ ಹೇಳಿಕೊಂಡು ನಿಲ್ಲಿಸಿದೆ. ಅದನ್ನು ಮೊದಲು ಅವರೇ ಕೇಳಬೇಕೆಂದು ನನ್ನ ಹಟ.

ವ್ಯಾಯಾಮ ಮುಗಿಯುವ ದಿನ ಮನೆಯವರನ್ನೂ ಒಳಗೆ ಕರೆದಿದ್ದರು. ನಾನು ಇಳಕಲ್ ಸೀರೆ ಉಟ್ಟಿದ್ದೆ. ಆಸ್ಪತ್ರೆಗೆ ಯಾರು ಹೀಗೆ ಹೋಗುತ್ತಾರೆ ಎಂದು ಮೊದಲಾಗಿದ್ದರೆ ಅವರು ಗೊಣಗುತ್ತಿದ್ದರು. ಅಂದು "ಭಾಳ ಛಲೋ ಕಾಣಸ್ತದ" ಎಂದರು. ವೆರಾಂಡಾದಲ್ಲಿ ನಡೆದು ತೋರಿಸಿದೆ, ಮೂರೂ ಗುಂಡು ಎಬ್ಬಿಸಿ ತೋರಿಸಿದೆ. ಆಮೇಲೆ ಹುಡುಗಿ ಗಂಟಲು ಸರಿಮಾಡಿಕೊಂಡು, ಈಗ ಕಾಕೂ ಒಂದು ಉಖಾಣಾ ಹೇಳುತ್ತಾರೆ ಎಂದಳು. ನಮ್ಮವರು ಥಟ್ಟನೆ ತಲೆಯೆತ್ತಿ ನೋಡಿದರು.

ಶುರುಮಾಡಿದೆ. ಗಿಣಿ ಹಾರಿತು, ಮಣಿ ಹೊಳೆಯಿತು, ಚಪ್ಪರ ಬಂತು. ಅವರ ತುಟಿ ನನ್ನ ಜೊತೆ ಅಲ್ಲಾಡುತ್ತಿದ್ದುದನ್ನು ಕಂಡೆ. ಆ ಸಾಲುಗಳು ಅವರಿಗೂ ಬಾಯಿಪಾಠ! ಅದನ್ನು ನೋಡಿ ಒಂದಿಷ್ಟು ಉಸಿರು ಅಲ್ಲೇ ಪೋಲಾಯಿತು. "ಹೊಳ್ಳಿ ನೋಡವರು ಯಾರು" ಎಂಬಲ್ಲಿಗೆ ಬಂದೆ. ಬಂದೆ, ಅಷ್ಟೇ. ಬಾಯಿ ತೆರೆದಿತ್ತು, ಗಾಳಿ ಇರಲಿಲ್ಲ. ಕೆಮ್ಮು ಹತ್ತಿತು. ನೀರು ಕುಡಿದು ಮತ್ತೆ ಮೊದಲಿನಿಂದ ಹೇಳಿದೆ. ಮತ್ತೆ ಅದೇ ಜಾಗ, ಅದೇ ಕೆಮ್ಮು.

ಎಲ್ಲರೂ ಚಪ್ಪಾಳೆ ತಟ್ಟಿದರು. ನಮ್ಮವರೂ ತಟ್ಟಿದರು. "ಛಲೋ ಹೇಳಿದಿ," ಎಂದರು, ಆ ಹಾಳು ಸೌಜನ್ಯದಿಂದ. "ನೀ ಕೂಡು, ನಾ ಆಟೋ ತರ್ತೀನಿ" ಎಂದು ಹೊರಟೇ ಹೋದರು. ಆಗ ನನಗೆ ಹೊಳೆಯಿತು. ಅವರು ಕಂಡದ್ದು ಉಸಿರು ಮುಗಿದದ್ದನ್ನಲ್ಲ. ಹೆಂಡತಿಗೆ ಹಿತ್ತಲ ಬಾವಿ ನೆನಪಿದೆ, ಗಿಣಿ ನೆನಪಿದೆ, ಬೀಗರಿಗೆ ಕೊಟ್ಟ ಹಾಲೂ ನೆನಪಿದೆ, ಎರಡು ಸಲವೂ ಹೆಸರಿನ ಜಾಗಕ್ಕೆ ಬಂದರೆ ಖಾಲಿ. ನಾನೇ ಕೈಯಾರೆ ಪುರಾವೆ ಒದಗಿಸಿಕೊಟ್ಟಿದ್ದೆ.

ಎದ್ದೆ. "ಕಾಕೂ, ಹಳೂ!" ಎಂದು ಹುಡುಗಿ ಹಿಂದಿನಿಂದ ಕೂಗಿದಳು. ವೆರಾಂಡಾ ದಾಟಿ, ಮೆಟ್ಟಿಲಿಳಿದು ಗೇಟಿಗೆ ಬರುವಷ್ಟರಲ್ಲಿ ಕಣ್ಣು ಕತ್ತಲೆಗಟ್ಟಿತು. ಗೇಟು ಹಿಡಿದು ನಿಂತು ಹೂ ಮೂಸಿದೆ, ದೀಪ ಆರಿಸಿದೆ, ಮತ್ತೆ ಮೂಸಿದೆ. ರಸ್ತೆಯ ಆಚೆ ಅವರು ಆಟೋದವನ ಜೊತೆ ಮಾತಾಡುತ್ತಿದ್ದರು. ಆಟೋದವನು ಬಾಯಿಗೆ ಬಂದಷ್ಟು ಬಾಡಿಗೆ ಕೇಳಿದನೆಂದು ಅವನ ಮುಖದಲ್ಲೇ ಕಾಣುತ್ತಿತ್ತು. ಅದಕ್ಕೆ ಈ ಮನುಷ್ಯ ಕತ್ತು ಬಗ್ಗಿಸಿ ಹೂಂ ಎಂದುಬಿಟ್ಟರು. ಪುಣೆಯಲ್ಲಿ, ಆಟೋದವನ ಜೊತೆ, ಜಗಳವಿಲ್ಲದೆ! ನನ್ನಿಂದ ತಡೆಯಲಾಗಲಿಲ್ಲ. ಈ ಸಾಧು ಮನುಷ್ಯನನ್ನು ಕಟ್ಟಿಕೊಂಡು ನಾನು ಮುಂದೆ ಬಾಳುವುದು ಹೇಗೆ? ಎದೆಯ ತಳದಿಂದ ಇದ್ದಷ್ಟೂ ಗಾಳಿ ಎಳೆದು ಕೂಗಿದೆ. ಗಿಣಿಯಿಲ್ಲ, ಚಪ್ಪರವಿಲ್ಲ, ಹಿಂದೆ ಮುಂದೆ ಏನೂ ಇಲ್ಲ, ಬರೀ ಹೆಸರು.

ಕಾವಲುಗಾರ ತಿರುಗಿದ. ಶೇಂಗಾ ಮಾರುವವನು ತಿರುಗಿದ. ಸ್ಕೂಟರಿನ ಮೇಲೆ ಓಢಣಿ ಸುತ್ತಿಕೊಂಡ ಇಬ್ಬರು ಹುಡುಗಿಯರು ತಿರುಗಿದರು. ನಮ್ಮವರೊಬ್ಬರೇ ತಿರುಗಲಿಲ್ಲ. ಆ ದನಿಯಲ್ಲಿ ಆ ಹೆಸರನ್ನು ಒಡಪಿಲ್ಲದೆ ಅವರು ಎಂದೂ ಕೇಳಿರಲಿಲ್ಲವಲ್ಲ. ತಿರುಗುವುದಾದರೂ ಹೇಗೆ?

ಇನ್ನೊಮ್ಮೆ ಕೂಗಿದೆ. ಆಟೋದವನೇ ಅವರ ತೋಳು ಮುಟ್ಟಿ ನನ್ನ ಕಡೆ ಕೈ ಮಾಡಿದ. ಅವರು ಹೊಳ್ಳಿ ನೋಡಿದರು.

ಎಡ ನೋಡದೆ ಬಲ ನೋಡದೆ ರಸ್ತೆ ದಾಟಿ ಬಂದರು, ಒಂದು ಬಸ್ಸು ಬೈದುಕೊಂಡು ನಿಂತಿತು. ನನ್ನ ಮುಂದೆ ಬಂದು ನಿಂತರು. "ನನ್ನನ್ನಽ ಕರದೇನು?" ಎಂದರು.

"ಮತ್ಯಾರನ್ನ ಕರೀಲ್ರಿ? ಮರೆತಿರಲಿಲ್ಲ. ಉಸಿರು ಇರಲಿಲ್ಲ."

ಅವರು ಆಟೋದ ಹೊಗೆ ಭಾಳ ಎಂದು ಕಣ್ಣು ಒರೆಸಿಕೊಂಡರು. ಆಟೋ ಇನ್ನೂ ರಸ್ತೆಯ ಆಚೆಗೇ ಇತ್ತು. ನಾನೂ ಒರೆಸಿಕೊಂಡೆ.

ಮನೆಗೆ ಬಂದು ನಾನು ಚಹಾ ಮಾಡಿದೆ. ಅವರು ಕಪ್ಪು ಎತ್ತಿದರು, ಒಂದು ಗುಟುಕು ಕುಡಿದರು, ಕೆಳಗಿಟ್ಟರು. ಆಮೇಲೆ, ನಾನು ಎಷ್ಟೋ ದಿನಗಳಿಂದ ಕೇಳದ ಆ ಹಳೆಯ ದನಿಯಲ್ಲಿ ಹೇಳಿದರು:

"ಏನ ಛಾ ಇದು? ಆಸ್ಪತ್ರಿಂದ ಬಂದಾಗಿಂದ ಒಂದು ದಿನಾನೂ ಇದರಾಗ ಸಕ್ಕರಿ ಇಲ್ಲ."